ಮದ್ದೂರಿನಲ್ಲಿ ನಿಲ್ಲದ ಟ್ಯಾಕ್ಸಿ

ಮೈಸೂರಿನ ಲಷ್ಕರ್ ಮೊಹಲ್ಲಾದ ಸಿದ್ದಲಿಂಗಸ್ವಾಮಿಯವರ ಅಂಬಾಸಿಡರ್ ಟ್ಯಾಕ್ಸಿ ಯಾರದಾದರೂ ಮನೆ ಮುಂದೆ ನಿಂತಿತೆಂದರೆ, ಡಾಕ್ಟರು ಬೆಂಗಳೂರಿನ ಆಸ್ಪತ್ರೆಗೆ ಬರೆದುಕೊಟ್ಟಿದ್ದಾರೆ ಎಂದೇ ತೊಂಬತ್ತರ ದಶಕದಲ್ಲಿ ಅರ್ಥ. ಸ್ವಾಮಿಯವರ ಹಣೆ ತುಂಬ ವಿಭೂತಿ, ಹಿಂದಿನ ಸೀಟಿನಲ್ಲಿ ರೋಗಿಗೆಂದೇ ಒಂದು ದಿಂಬು. ಎದೆ ಹಿಡಿದುಕೊಂಡು ಮಲಗಿದವರಿಗೆ ದಾರಿಯುದ್ದಕ್ಕೂ ಒಂದೇ ಮಾತು: "ಇನ್ನೇನು ಬಂದ್ಬುಡ್ತು ಕಣಣ್ಣ." ಶ್ರೀರಂಗಪಟ್ಟಣ ದಾಟುವ ಮೊದಲೇ ಶುರುವಾಗುವ ಈ ಸುಳ್ಳು ನಿಜವಾಗುತ್ತಿದ್ದದ್ದು ಕೆಂಗೇರಿಯಲ್ಲಿ. ಎತ್ತಿನಗಾಡಿಗೂ ಹಾರನ್ನು, ಎಮ್ಮೆಗೂ ಹಾರನ್ನು, ಖಾಲಿ ರಸ್ತೆಗೂ ಹಾರನ್ನು. ಆಮೇಲಿನ ಹತ್ತು ವರ್ಷದಲ್ಲಿ ಮೈಸೂರಿನಲ್ಲೇ ಆಸ್ಪತ್ರೆಗಳು ಒಂದರ ಹಿಂದೊಂದು ಎದ್ದವು. ಎದೆಗೊಂದು, ಮೂಳೆಗೊಂದು, ಕಿಡ್ನಿಗೊಂದು. ಹೊಸ ಬೋರ್ಡು ಕಂಡಾಗಲೆಲ್ಲ "ನನ್ನ ಹೊಟ್ಟೆ ಮೇಲೆ ಹೊಡೆದ್ಬುಟ್ರು ಕಣ್ರೀ" ಎಂದು ಗೊಣಗುವವರೂ ಸ್ವಾಮಿಯವರೇ, ಅದರ ಬಾಗಿಲಲ್ಲಿ ತೆಂಗಿನಕಾಯಿ ಒಡೆದು ಕೈಮುಗಿದು ಬರುವವರೂ ಅವರೇ. ಈಗ ಅವರ ಗಾಡಿ ಬೆಂಗಳೂರಿಗೆ ಹೋಗುವುದು ಮದುವೆ ಮುಂಜಿಗೆ. ಮೊನ್ನೆ ಹಾಗೆ ಹೊರಟಿದ್ದ ಚಂದ್ರಮತಿಯಮ್ಮ ಮದ್ದೂರಿನಲ್ಲಿ ಗಾಡಿ ನಿಲ್ಲಿಸಿ, ಬಿಸಿ ವಡೆಯೊಂದನ್ನು ಅವರ ಕೈಗಿಟ್ಟರು. ಒಂದು ಚೂರು ಕಚ್ಚಿದ ಸ್ವಾಮಿ, "ಇದು ಇಷ್ಟೊಂದು ರುಚಿಯಾಗಿರುತ್ತಾ ತಾಯಿ?" ಎಂದರು. "ಜೀವಮಾನವೆಲ್ಲ ಇದೇ ರಸ್ತೇಲಿ ಓಡಾಡಿದೀರಿ, ಮದ್ದೂರು ವಡೆ ತಿಂದಿಲ್ವೇ?" ಎಂದರು ಆಕೆ. "ನಿಲ್ಸೋಕೆ ಎಲ್ಲಾಗ್ತಿತ್ತಮ್ಮ?" ಎನ್ನುತ್ತ ಅವರು ಹಳೆಯ ಅಭ್ಯಾಸದಂತೆ ಹಿಂದಿನ ಸೀಟಿನತ್ತ ತಿರುಗಿದರು. ದಿಂಬಿನ ಮೇಲೆ ಚಂದ್ರಮತಿಯಮ್ಮನ ಮೊಮ್ಮಗಳು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಅವಳ ಉಸಿರಾಟವನ್ನು ಸ್ವಲ್ಪ ಹೊತ್ತು ನೋಡಿದ ಸ್ವಾಮಿ ಹೇಳಿದರು: "ಇನ್ನೊಂದು ವಡೆ ಹೇಳಿ ತಾಯಿ. ಏನೂ ಅರ್ಜೆಂಟಿಲ್ಲ."