ಕೆಟ್ಟ ಅತ್ತೆ ಯಾರಿಗೆ ‘ರೀ’ ಅಂತಾಳೆ?

ಸೊಸೆಯನ್ನು ಗೋಳಾಡಿಸುವ ಅತ್ತೆಯೊಬ್ಬಳ ಕಥೆ ಬರೆದಿದ್ದೆ. ಸಂಪಾದಕರು ಎರಡು ಸಲ ಹಿಂದಕ್ಕೆ ಕಳಿಸಿದರು. ಎರಡನೆಯ ಸಲ ಒಂದೇ ಸಾಲು: “ಅತ್ತೆಗೆ ಜೀವವಿಲ್ಲ.” ಜೀವ ತುಂಬಿಯೇ ತೀರುತ್ತೇನೆಂದು, ಸಂಭಾಜಿನಗರದಿಂದ ನಾಶಿಕಕ್ಕೆ ಕೆಲಸದ ಮೇಲೆ ಹೊರಟ ಬಸ್ಸಿನಲ್ಲೂ ಅವಳ ಮಾತುಗಳನ್ನು ಮೆಲ್ಲಗೆ ಓದಿಕೊಳ್ಳುತ್ತಿದ್ದೆ. ಮೆಲ್ಲಗೆ ಅಂತ ನಾನು ಅಂದುಕೊಂಡಿದ್ದೆ.

ಪಕ್ಕದ ಸೀಟಿನ ಹಿರಿಯ ಹೆಂಗಸು ಬೀದರ್ ಕಡೆಯ ಕನ್ನಡದಲ್ಲಿ ಕೇಳಿದರು: “ಯಾರಿಗ್ರೀ ಅಕ್ಕಾರ, ಅಷ್ಟು ಬೈಲಿಕತ್ತೀರಿ?”

“ನಾ ಅಲ್ರೀ. ಕಥಿಯೊಳಗಿನ ಅತ್ತಿ ಬೈತಾಳ.”

“ಆಗಿನಿಂದ ಕೇಳ್ಲಿಕತ್ತೀನಿ. ಆಕಿ ಯಾರಿಗೂ ‘ರೀ’ ಅನ್ನಂಗಿಲ್ಲೇನು?”

“ಇಲ್ರೀ. ಭಾಳ ಕೆಟ್ಟಾಕಿ.”

“ಹಂಗ ಇರಂಗಿಲ್ಲ ಬಿಡ್ರಿ. ನಮ್ಮತ್ತಿ ಮನ್ಯಾಗ ಎಲ್ಲಾರಿಗೂ ‘ಲೇ’ ಅಂತಿದ್ಲು, ನನ್ನ ಗಂಡಗೂ. ಕೈಗೆ ಬಳಿ ಇಡಸೋ ಹೆಣ್ಮಗಳು ಬಂದ್ರ ಮಾತ್ರ ‘ಬರ್ರೀ, ಕೂಡ್ರಿ, ಚಾ ಕುಡೀರಿ.’ ಆಕಿ ನಮ್ಮತ್ತಿ ತವರೂರಾಕಿ!”

ಬಸ್ಸಿನ ಕುಲುಕಾಟದಲ್ಲೇ ಪೆನ್ನು ತೆಗೆದೆ. ನಾಶಿಕ ಬರುವಷ್ಟರಲ್ಲಿ ನನ್ನ ಅತ್ತೆ ಹಿಟ್ಟಿನ ಗಿರಣಿಯವನಿಗೆ ‘ರೀ’ ಅನ್ನತೊಡಗಿದ್ದಳು. ಅವಳನ್ನು “ಉಂಡೀರೇನ್ರೀ?” ಎಂದು ಕೇಳುವ ಮನುಷ್ಯ ಊರಲ್ಲಿ ಅವನೊಬ್ಬನೇ ಎಂಬುದು ಬರೆಯುವಾಗಲೇ ನನಗೂ ಗೊತ್ತಾಯಿತು. ಅರ್ಧ ಬೈಗುಳ ಹೊಡೆದುಹಾಕಿದೆ. ಉಳಿದರ್ಧ ಇನ್ನೂ ಖಾರವಾಯಿತು.

ಸಂಪಾದಕರು ಮೂರನೆಯ ಸಲವೂ ಹಿಂದಕ್ಕೆ ಕಳಿಸಿದ್ದಾರೆ: “ಅತ್ತೆಯವರು ಚೆನ್ನಾಗಿ ಬಂದಿದ್ದಾರೆ. ಸೊಸೆ ಸಪ್ಪೆ.”

ಅತ್ತೆಗೆ ಬಹುವಚನವಾದರೂ ಸಿಕ್ಕಿತಲ್ಲ. ಇನ್ನು ಸೊಸೆಯನ್ನೂ ಬಿಡುವವಳಲ್ಲ ನಾನು. ಆ ಸಾಧ್ವಿ ಯಾರಿಗೆ ‘ಲೇ’ ಅಂತಾಳೆ ಎಂದು ಹುಡುಕುತ್ತಿದ್ದೇನೆ.