ಕೊಕ್ಕೆ ಅತ್ತಿಗೆಯದು, ಸರಪಳಿ ಅಣ್ಣನದು

ನಮ್ಮ ಅತ್ತಿಗೆಯನ್ನು ಊರವರೆಲ್ಲ ಕೊಕ್ಕೆಯಮ್ಮ ಎಂದು ಕರೆಯುತ್ತಾರೆ. ಎದುರಿಗೇ ಕರೆದರೂ ಆಕೆಗೆ ಬೇಜಾರಿಲ್ಲ, ಏನು ಎಂದು ತಿರುಗಿ ನೋಡುತ್ತಾಳೆ. ನನ್ನನ್ನು ಯಾರಾದರೂ ಸೂಜಿಯಮ್ಮ ಎಂದಿದ್ದರೆ ಅವತ್ತೇ ಅವರ ಗ್ರಹಚಾರ ಬಿಡಿಸುತ್ತಿದ್ದೆ. ನಮ್ಮಿಬ್ಬರದೂ ಒಂದೇ ಶೆಡ್ಡು. ಎಡಗಡೆ ನಾನು ಗಾಡಿಗಳ ಸೀಟಿಗೆ ಕವರ್ ಹೊಲಿಯುತ್ತೇನೆ, ಬಲಗಡೆ ಆಕೆ ಕಿಡಿ ಹಾರಿಸುತ್ತಾಳೆ. ನಡುವೆ ಒಂದು ತಗಡಿನ ಮರೆ ಇದೆ. ಅದು ಅತ್ತಿಗೆಯ ಕಿಡಿಯನ್ನು ತಡೆಯುತ್ತದೆ, ನನ್ನ ಬಾಯಿಯನ್ನು ತಡೆಯುವುದಿಲ್ಲ ಎಂದು ಅಣ್ಣ ಬಂದವರಿಗೆಲ್ಲ ಹೇಳುತ್ತಾನೆ.

ಅತ್ತಿಗೆ ಮಾಡುವುದು ಹಳೆಯ ಪಿಕಪ್‌ಗಳ ಹಿಂಬದಿಗೆ ಟ್ರೈಲರ್ ಸಿಕ್ಕಿಸುವ ಕೊಕ್ಕೆ. ಹೊಸ ಗಾಡಿಗಾದರೆ ಅಂಗಡಿಯಲ್ಲಿ ಡಬ್ಬದೊಳಗೆ ತಯಾರಾದದ್ದೇ ಸಿಗುತ್ತದೆ. ಹಳೆಯವುಗಳ ಪಾಡು ಹಾಗಲ್ಲ, ಅವುಗಳನ್ನು ಮಾಡಿದವರೇ ಅವುಗಳನ್ನು ಮರೆತುಬಿಟ್ಟಿರುತ್ತಾರೆ. ಒಂದರ ಚಾಸಿ, ಅಂದರೆ ಅಡಿಯ ಚೌಕಟ್ಟು, ಎಡಕ್ಕೆ ವಾಲಿರುತ್ತದೆ, ಇನ್ನೊಂದಕ್ಕೆ ಹಿಂದಿನ ಮಾಲೀಕ ತನಗೆ ತೋಚಿದಲ್ಲೆಲ್ಲ ತೂತು ಕೊರೆದಿರುತ್ತಾನೆ. ಅತ್ತಿಗೆ ಬೆನ್ನ ಕೆಳಗೆ ಗೋಣಿಚೀಲ ಹಾಸಿಕೊಂಡು, ಟಾರ್ಚನ್ನು ಬಾಯಲ್ಲಿ ಕಚ್ಚಿ, ಗಾಡಿಯ ಅಡಿಗೆ ಸರಿದು ಬೆರಳಿನಿಂದ ತಡವುತ್ತಾ ಮಲಗಿಯೇ ಇರುತ್ತಾಳೆ. ನಿದ್ದೆ ಹೋದಳೇನೋ ಎಂದು ನಾನು ಕಾಲು ಹಿಡಿದು ಅಲ್ಲಾಡಿಸಿದ್ದೂ ಉಂಟು.

ಆಕೆಯದೊಂದು ಕಟ್ಟುನಿಟ್ಟಿದೆ. ಅಳತೆಗೆ ಬರುವವರು ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡೇ ಬರಬೇಕು. ಹಳೆಯ ಗಾಡಿಯ ಸ್ಪ್ರಿಂಗುಗಳು ಸೋತಿರುತ್ತವೆ. ಖಾಲಿ ನಿಂತಾಗ ಅದರ ಎತ್ತರವೇ ಬೇರೆ, ಜನ ಕೂತಾಗ ಬೇರೆ. ಕೊಕ್ಕೆಯ ಎತ್ತರ ತಪ್ಪಿತೋ, ಹಿಂದಿನ ಟ್ರೈಲರ್ ರಸ್ತೆಯುದ್ದಕ್ಕೂ ಓಲಾಡುತ್ತದೆ. ಹಾಗಾಗಿ ನಮ್ಮ ಶೆಡ್ಡಿನ ಮುಂದೆ ಅಜ್ಜ, ಸೊಸೆ, ಮೊಮ್ಮಕ್ಕಳು, ನಾಯಿ ಸಮೇತ ಸಂಸಾರಗಳು ಗಾಡಿಯ ಮೇಲೆ ಉಸಿರು ಬಿಗಿಹಿಡಿದು ಕೂತಿರುತ್ತವೆ. ಉಸಿರು ಬಿಟ್ಟರೆ ಅಳತೆ ತಪ್ಪುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ.

ಜೇನಿನಕ್ಕ ಬಂದದ್ದೂ ಹಾಗೆಯೇ. ಆಕೆ ಜೇನು ಸಾಕುವವಳು. ಒಂದು ಕಡೆ ಹೂವು ಮುಗಿದರೆ ಪೆಟ್ಟಿಗೆಗಳನ್ನೆಲ್ಲ ಟ್ರೈಲರಿಗೆ ಹೇರಿ ಇನ್ನೊಂದು ಕಡೆಗೆ ಸಾಗಿಸುತ್ತಾಳೆ. ಅವತ್ತು ಅವಳ ಗಂಡ ಹತ್ತಿದ, ಹೆಣ್ಣುಮಕ್ಕಳು ಹತ್ತಿದರು. ಅತ್ತೆ ಮಾತ್ರ ಸುತರಾಂ ಒಪ್ಪಲಿಲ್ಲ. "ನನ್ನನ್ನೇನು ಮೂಟೆ ಅಂದ್ಕೊಂಡಿದೀರಾ, ತೂಕ ಹಾಕೋಕೆ?" ಎಂದು ಹೊರಗೆ ಬೆಂಚಿನ ಮೇಲೆ ಮುಖ ತಿರುಗಿಸಿ ಕೂತಳು. ಅತ್ತಿಗೆ ಆಕೆಯನ್ನು ನೋಡಿದಳು, ತಿರುಗಿ ನನ್ನನ್ನು ನೋಡಿದಳು.

"ನೀನ್ ಹತ್ತು. ಸರಿಹೋಗತ್ತೆ" ಎಂದಳು.

ಆ ಒಂದು ಮಾತಿಗೆ ನಾನು ಒಂದು ವಾರ ತಗಡಿನ ಮರೆಯಾಚೆಗೆ ಮಾತಾಡಲಿಲ್ಲ. ಹತ್ತಿದೆ, ಅದು ಬೇರೆ ವಿಷಯ.

ಈ ಕೆಲಸ ಮೊದಲು ಅಣ್ಣನದು. ಒಂದು ದಿನ ಜಾಕಿನ ಮೇಲಿದ್ದ ಎಂಜಿನ್ ಜಾರಿ ಅವನ ಬಲಗೈ ಮೇಲೆ ಬಿತ್ತು. ಮೂಳೆ ಕೂಡಿತು, ನಡುಕ ಉಳಿಯಿತು. ಬೆಸುಗೆ ಹಾಕುವವನಿಗೆ ಕೈ ನಡುಗಿದರೆ ಮುಗಿದೇ ಹೋಯಿತು. ಆಗ ಅತ್ತಿಗೆ ಮೊಳೆಗೆ ನೇತುಹಾಕಿದ್ದ ವೆಲ್ಡಿಂಗ್ ಮುಖವಾಡ ತೆಗೆದು ತಾನೇ ಹಾಕಿಕೊಂಡಳು. ಅಣ್ಣ ಪಕ್ಕದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿ ಕೂಗಿ ಕಲಿಸಿದ. ಆ ದಿನಗಳಲ್ಲಿ ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಹೊಲಿಯುತ್ತಿದ್ದೆ. ಮೊದಲ ಕೊಕ್ಕೆ ಗಾಡಿಗೆ ಏರಿದ ದಿನ ಅತ್ತಿಗೆ ನಮ್ಮಿಬ್ಬರ ಮುಂದೆ ಒಂದು ಮಾತು ಹೇಳಿದ್ದಳು: "ನನ್ನ ಬೆಸುಗೆ ರಸ್ತೆ ಮೇಲೆ ಬಿಟ್ಟ ದಿನ ಈ ಮುಖವಾಡ ಮತ್ತೆ ಮೊಳೆಗೆ ಹೋಗತ್ತೆ. ಆಮೇಲೆ ಯಾರೂ ನನ್ನ ಒತ್ತಾಯ ಮಾಡ್ಬಾರ್ದು." ಅತ್ತಿಗೆ ಮಾತು ಆಡಿದರೆ ಮುಗಿಯಿತು. ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಅಣ್ಣನಿಗೆ ಉಳಿದದ್ದು ಸರಪಳಿ. ಕೊಕ್ಕೆ ಕೂರಿಸಿದ ಮೇಲೆ ಟ್ರೈಲರಿನಿಂದ ಗಾಡಿಗೆ ಎರಡು ಸರಪಳಿ ಕಟ್ಟುತ್ತಾರೆ, ಅಕಸ್ಮಾತ್ ಕೊಕ್ಕೆ ಬಿಟ್ಟರೆ ಇರಲಿ ಎಂದು. ಬೇರೆಯವರು ಅವನ್ನು ಕೊಕ್ಕೆಗೇ ಸಿಕ್ಕಿಸಿ ಕೈ ತೊಳೆದುಕೊಳ್ಳುತ್ತಾರೆ. ಅಣ್ಣ ಒಪ್ಪುವುದಿಲ್ಲ. ಕೊಕ್ಕೆ ಕಳಚಿ ಬಿದ್ದರೆ ಸರಪಳಿಯೂ ಅದರ ಜೊತೆಗೇ ಹೋಗುತ್ತದಲ್ಲ ಎನ್ನುತ್ತಾನೆ. ಚಾಸಿಗೇ ಬೇರೆ ಎರಡು ತೂತು ಬೇಕು, ಸರಪಳಿ ಸಿಕ್ಕಿಸಲು ಬೇರೆ ಕಬ್ಬಿಣದ ಬಳೆ ಬೇಕು, ಎಡದ ಸರಪಳಿ ಬಲಕ್ಕೆ, ಬಲದ್ದು ಎಡಕ್ಕೆ, ಕೆಳಗೆ ತೊಟ್ಟಿಲಿನ ಹಾಗೆ ಒಂದರ ಮೇಲೊಂದು ಹಾಯಬೇಕು. ಕುಳ್ಳ ಸ್ಟೂಲಿನ ಮೇಲೆ ಕೂತು, ನಡುಗುವ ಕೈಯಲ್ಲಿ ಪಾನಾ ಹಿಡಿದು, ನಟ್ಟು ಬಿಗಿ ಮಾಡುತ್ತಾನೆ, ಮಾಡುತ್ತಾನೆ, ಮಾಡುತ್ತಲೇ ಇರುತ್ತಾನೆ. ಗಿರಾಕಿ ಕೀಲಿ ತಿರುಗಿಸಿ ಕಾಯುತ್ತಿದ್ದರೂ "ಇನ್ನೊಂದು ಸುತ್ತು" ಎನ್ನುತ್ತಾನೆ. ಮದುಮಗಳಿಗೆ ಒಡವೆ ತೊಡಿಸುತ್ತಿದ್ದಾನೆ ಎಂದು ನಾನು ಹಾಸ್ಯ ಮಾಡುತ್ತಿದ್ದೆ.

ಅತ್ತಿಗೆ ಹಾಸ್ಯ ಮಾಡುತ್ತಿರಲಿಲ್ಲ, ನಿಟ್ಟುಸಿರು ಬಿಡುತ್ತಿದ್ದಳು. ಒಮ್ಮೆ ನನ್ನ ಹತ್ತಿರ ಮೆಲ್ಲಗೆ ಹೇಳಿದಳು: "ಎರಡು ತೂತು ಜಾಸ್ತಿ ಕೊರೆದ್ರೆ ನನ್ನ ಗಂಟೇನು ಹೋಗತ್ತೆ? ಅವರಿಗೂ ಒಂದು ಕೈಗೆಲಸ ಇರ್ಲಿ ಬಿಡು." ನನಗೂ ಅದೇ ಅನಿಸಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಜೇನಿನಕ್ಕನ ಗಂಡ ಯಾರದೋ ಬೈಕಿನಲ್ಲಿ ಬಂದಿಳಿದ. ಮುಖ ಬಿಳುಚಿಕೊಂಡಿತ್ತು. "ಸೇತುವೆ ಇಳಿಜಾರಲ್ಲಿ ಟ್ರೈಲರ್ ಬಿಟ್ಕೊಂಡ್ತು" ಎಂದ. ಅತ್ತಿಗೆ ಕೈಗವಸು ಕಳಚುತ್ತಾ ಕೇಳಿದ್ದು ಒಂದೇ ಪ್ರಶ್ನೆ: "ಯಾರಿಗಾದ್ರೂ ಏನಾದ್ರೂ ಆಯ್ತಾ?" ಯಾರಿಗೂ ಏನೂ ಆಗಿರಲಿಲ್ಲ. ಆಕೆ ಉರಿಯುತ್ತಿದ್ದ ದೀಪ ಆರಿಸಿ, ಮುಖವಾಡವನ್ನು ಮೇಜಿನ ಮೇಲಿಟ್ಟು ಹೊರಟಳು. ಮೊಳೆಗೆ ಹಾಕಲಿಲ್ಲ. ನೋಡಿದ ಮೇಲೆ ತೀರ್ಮಾನ ಎಂದು ನನಗೆ ಅರ್ಥವಾಯಿತು. ಅಣ್ಣ, ನಾನು ಬಾಗಿಲೆಳೆದುಕೊಂಡು ಹಿಂದೆಯೇ ಓಡಿದೆವು.

ಜೇನುಪೆಟ್ಟಿಗೆಗಳನ್ನು ನಸುಕಿನಲ್ಲೇ ಸಾಗಿಸಬೇಕಂತೆ. ಅವತ್ತು ಹಳೆಯ ಗಾಡಿ ಹಟ ಹಿಡಿದು, ಸ್ಟಾರ್ಟ್ ಆಗುವಾಗ ಮಧ್ಯಾಹ್ನವಾಗಿತ್ತು. ನಾವು ಹೋಗುವಷ್ಟರಲ್ಲಿ ಸೇತುವೆ ದಾಟಿ ಮೇಲಕ್ಕೆ ಹತ್ತುತ್ತಿದ್ದ ಪಿಕಪ್ ಇಳಿಜಾರಿನ ನಡುವೆ ನಿಂತಿತ್ತು. ಟ್ರೈಲರಿನ ಮೂತಿ ಗಾಡಿಯ ಹಿಂದೆ ತಗ್ಗಿ, ನೆಲಕ್ಕೆ ತಾಗದೆ, ಆ ಎರಡು ಸರಪಳಿಗಳ ಮೇಲೆ ಕೂತಿತ್ತು. ಒಂದು ಪೆಟ್ಟಿಗೆಯೂ ಉರುಳಿರಲಿಲ್ಲ. ಇಳಿಜಾರಿನ ಬುಡದಲ್ಲಿ, ಸೇತುವೆಯ ಪಕ್ಕ, ಶಾಲೆ ಬಿಟ್ಟ ಮಕ್ಕಳು ಬಸ್ಸಿಗೆ ಕಾಯುತ್ತಾ ಬ್ಯಾಗುಗಳ ಮೇಲೆ ಕೂತಿದ್ದರು. ಟ್ರೈಲರ್ ಕೈತಪ್ಪಿದ್ದರೆ ನೇರ ಹೋಗುತ್ತಿದ್ದದ್ದು ಅಲ್ಲಿಗೇ. ನಾನು ಆ ಮಕ್ಕಳನ್ನು ನೋಡಿದೆ, ಅತ್ತಿಗೆಯೂ ನೋಡಿದಳು.

ಆದರೆ ಅಡಿಗೆ ಹೋಗಿ ನೋಡುವಂತಿರಲಿಲ್ಲ. ಕುಲುಕಿದ ರಭಸಕ್ಕೆ ಪೆಟ್ಟಿಗೆಗಳ ಬಲೆ ಸರಿದು ಜೇನೆಲ್ಲ ಹೊರಬಿದ್ದು ಗುಂಯ್‌ಗುಡುತ್ತಿತ್ತು. ಜೇನಿನಕ್ಕ ತನ್ನ ಬಿಳಿ ಅಂಗಿ, ಜಾಲರಿ ಟೋಪಿ ತೊಟ್ಟು ದೂರದಲ್ಲಿ ನಿಂತಿದ್ದಳು. ಇನ್ನೊಂದು ಜೊತೆ ಅಂಗಿ ಅವಳ ಅತ್ತೆಯ ಮೈಮೇಲಿತ್ತು. ರಸ್ತೆಬದಿಯ ಕಲ್ಲಿನ ಮೇಲೆ ಕೂತಿದ್ದ ಆಕೆ ಅದನ್ನು ಬಿಚ್ಚಲು ತಯಾರಿರಲಿಲ್ಲ. ಕೇಳಲು ಹೋದ ನನಗೆ "ನನ್ ಸುದ್ದಿಗೆ ಬರ್ಬೇಡ" ಎಂದು ಜಾಲರಿಯೊಳಗಿಂದಲೇ ಗದರಿದಳು. ನನ್ನಷ್ಟೇ ತೂಕ, ನನ್ನಷ್ಟೇ ಬಾಯಿ. ಮೊದಲ ಸಲ ನನಗೆ ಆಕೆಯ ಮೇಲೆ ಪ್ರೀತಿ ಬಂತು. ಅತ್ತಿಗೆ ಸೆರಗನ್ನೇ ತಲೆಗೆ ಸುತ್ತಿಕೊಂಡು ಮುನ್ನುಗ್ಗಿ, ಕೆನ್ನೆಗೊಂದು, ಕತ್ತಿಗೊಂದು ಕಚ್ಚಿಸಿಕೊಂಡು ಓಡಿಬಂದಳು.

"ಹೊತ್ತು ಮುಳುಗೋವರ್ಗೂ ಬಿಡಿ ಅಕ್ಕ" ಎಂದಳು ಜೇನಿನಕ್ಕ. "ತಾವಾಗೇ ಗೂಡಿಗೆ ಹೋಗ್ತವೆ. ಈಗ ಕೆಣಕಿದ್ರೆ ಇದ್ದದ್ದೂ ಹಾರಿ ಹೋಗತ್ತೆ. ನಂಗಿರೋದೇ ಇವು."

ಕಾದೆವು. ಅಷ್ಟು ಉದ್ದದ ಸಂಜೆಯನ್ನು ನಾನು ಕಂಡಿಲ್ಲ. ಅತ್ತಿಗೆ ಮೋರಿಕಟ್ಟೆಯ ಮೇಲೆ ಕೂತು ಗಾಡಿಯ ಹಿಂಬದಿಯನ್ನೇ ದಿಟ್ಟಿಸುತ್ತಿದ್ದಳು. ಕೆನ್ನೆ ಬನ್ನಿನ ಹಾಗೆ ಊದಿತ್ತು. ಬೇರೆ ದಿನವಾಗಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಅಣ್ಣ ಆಕೆಯ ಪಕ್ಕ ಕೂತಿದ್ದ. ತನ್ನ ಸರಪಳಿ ಹಿಡಿದು ನಿಂತಿದೆ ಎಂದು ಜಂಬ ಕೊಚ್ಚಿಕೊಳ್ಳಬಹುದಿತ್ತು. ಆಕೆಯ ಕೆನ್ನೆಗೆ ಒದ್ದೆ ಕರ್ಚೀಫು ಒತ್ತಿ ಹಿಡಿದುಕೊಂಡಿದ್ದ, ಅಷ್ಟೆ. ಕೈ ನಡುಗುತ್ತಿದ್ದುದರಿಂದ ನೀರು ಆಕೆಯ ಭುಜದ ಮೇಲೆಲ್ಲ ಸುರಿಯುತ್ತಿತ್ತು.

ಬೆಳಕು ಇಳಿಯುತ್ತಿದ್ದಂತೆ ಗುಂಯ್‌ಗುಡುವುದು ಕಡಿಮೆಯಾಯಿತು. ಜೇನಿನಕ್ಕ ಬಲೆಗಳನ್ನು ಮುಚ್ಚಿ ಕೈ ಮಾಡಿದಳು. ಅತ್ತಿಗೆ ಟಾರ್ಚ್ ಕಚ್ಚಿಕೊಂಡು ಗಾಡಿಯ ಅಡಿಗೆ ಸರಿದಳು. ನಾನು ಹೊರಗೆ ಕೂತು ಆಕೆಯ ಚಪ್ಪಲಿಗಳನ್ನೇ ನೋಡುತ್ತಿದ್ದೆ. ತುಕ್ಕು ಹಿಡಿದ ಚಾಸಿಯದ್ದು ತಪ್ಪಾಗಿರಲಿ, ಟ್ರೈಲರಿನದ್ದಾಗಿರಲಿ, ಬೇರೆ ಯಾರದ್ದಾದರೂ ಆಗಿರಲಿ ಎಂದು ಬೇಡಿಕೊಂಡೆ.

ಹೊರಗೆ ಬಂದು, ಟಾರ್ಚ್ ಬಾಯಿಂದ ತೆಗೆದು ಹೇಳಿದಳು: "ನನ್ನದೇ."

ಕೊಕ್ಕೆಯ ಕಬ್ಬಿಣದ ಹಲಗೆ ಅದರ ಅಡ್ಡಪಟ್ಟಿಗೆ ಕೂಡುವ ಮೂಲೆಯಲ್ಲಿ ಬೆಸುಗೆ ಬಿಟ್ಟಿತ್ತು. ಆ ಮೂಲೆಗೆ ಬೆಸುಗೆಯ ಕಡ್ಡಿ ಸರಿಯಾಗಿ ಹೋಗುವುದಿಲ್ಲ. ಕೆಳಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಕಬ್ಬಿಣದ ಮೇಲೆ ಕೂತಿರುತ್ತದೆಯೇ ಹೊರತು ಒಳಗೆ ಇಳಿದಿರುವುದಿಲ್ಲ. ಇದನ್ನೆಲ್ಲ ಆಕೆ ಯಾವ ನೆಪವೂ ಇಲ್ಲದೆ ಜೇನಿನಕ್ಕನಿಗೆ ವಿವರಿಸಿ, ಕೈ ಮುಗಿದು, "ತಪ್ಪಾಯ್ತು. ಇನ್ಮೇಲೆ ನಾನು ಈ ಕೆಲಸ ಮಾಡಲ್ಲ" ಎಂದಳು.

ಜೇನಿನಕ್ಕ ಆ ಕೈಗಳನ್ನು ಹಿಡಿದುಕೊಂಡಳು. "ಯಾರ್ ಮಾಡಿದ್ದಾದ್ರೂ ಒಂದಿನ ಮುರಿಯತ್ತೆ ಅಕ್ಕ. ಮುರಿದ್ರೆ ಏನು ಗತಿ ಅಂತ ಯೋಚನೆ ಮಾಡಿ ಕೊಟ್ಟೋರು ನೀವೊಬ್ರೇ. ನನ್ ಮಕ್ಳು ಗಾಡೀಲಿದ್ರು, ಕೆಳಗೆ ಅಷ್ಟು ಮಕ್ಳು ಕೂತಿದ್ರು. ನಾನ್ ಸಾಯೋವರ್ಗೂ ನಿಮ್ಮನ್ನ ನೆನೀತೀನಿ."

"ಯೋಚನೆ ಮಾಡಿದ್ದು ನಾನಲ್ಲ" ಎಂದಳು ಅತ್ತಿಗೆ. ಅಣ್ಣ ಅಷ್ಟರಲ್ಲಿ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ತಡವಿ ನೋಡುತ್ತಿದ್ದ.

ಮರುದಿನ ಮುಖವಾಡ ಮೊಳೆಗೆ ಹೋಯಿತು. ಅತ್ತಿಗೆ ಶೆಡ್ಡಿಗೆ ಬಂದಳು, ಕಸ ಗುಡಿಸಿದಳು, ಕೈಕಟ್ಟಿ ಕೂತಳು. ನನಗೆ ಹೊಲಿಗೆ ಓಡಲಿಲ್ಲ. ಕಾಲು ಕೆರೆದು ಜಗಳಕ್ಕೂ ನಿಂತು ನೋಡಿದೆ, ಆಕೆ ಸಿಟ್ಟಾಗಲಿಲ್ಲ.

ಆಗ ಅಣ್ಣ ತನ್ನ ಕುಳ್ಳ ಸ್ಟೂಲು ಎಳೆದುಕೊಂಡು ಬಂದು, ಗಾಡಿ ನಿಲ್ಲಿಸುವ ಖಾಲಿ ಜಾಗದ ನಡುವೆ ಕೂತ. ತೊಡೆಯ ಮೇಲೆ ಎರಡು ಹೊಸ ಸರಪಳಿ. ಕೈಯಲ್ಲಿ ಪಾನಾ.

"ಏನ್ರೀ ಅದು?" ಎಂದಳು ಅತ್ತಿಗೆ.

"ಕೆಲಸಕ್ಕೆ ಬಂದಿದೀನಿ. ನೀನು ಕೊಕ್ಕೆ ಮಾಡ್ಲಿಲ್ಲ ಅಂದ್ರೆ ಇದನ್ನ ಯಾವುದಕ್ಕೆ ಕಟ್ಲಿ?"

ಅತ್ತಿಗೆ ಎದ್ದು ಬಂದು ಅವನೆದುರು ನೆಲದ ಮೇಲೆ ಕೂತಳು. ಆಮೇಲೆ ಹೇಳಿದಳು: "ನಿಮ್ಗೊಂದು ವಿಷಯ ಹೇಳ್ಬೇಕು. ಆ ಸರಪಳಿ ಕೆಲಸ ನಾನು ಸುಮ್ನೆ ಕೊಟ್ಟಿದ್ದು. ನಿಮ್ಮ ಕೈಗೆ ಏನಾದ್ರೂ ಇರ್ಲಿ ಅಂತ."

"ಗೊತ್ತು" ಎಂದ ಅಣ್ಣ.

"ಗೊತ್ತಿತ್ತಾ?"

"ಮೊದಲ್ನೇ ದಿನದಿಂದ ಗೊತ್ತು. ನೀನು ಪಾಪ ಅಂತ ಕೊಟ್ಟೆ. ನಾನು ಕೆಲಸ ಅಂತ ಮಾಡ್ದೆ. ಅದು ಇಲ್ದೆ ಇದ್ದಿದ್ರೆ ನಾನು ಯಾವತ್ತೋ ಮೂಲೆ ಸೇರ್ತಿದ್ದೆ. ನಿನ್ನಿಂದ ಉಳ್ಕೊಂಡೆ ಕಣೇ."

ಅತ್ತಿಗೆ ಅತ್ತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಊದಿದ ಕೆನ್ನೆಯ ಮೇಲೆ ಕಣ್ಣೀರು ಸುತ್ತುಬಳಸಿ ಇಳಿಯಿತು. "ನಾನಲ್ಲ ರೀ, ನೀವು ನನ್ನ ಉಳಿಸಿದ್ದು. ಆ ಮಕ್ಕಳಿಗೆ ಏನಾದ್ರೂ ಆಗಿದ್ರೆ ನಾನು ಬದುಕಿರ್ತಿದ್ನಾ?" ಎಂದಳು. ನಾನು ತಗಡಿನ ಮರೆಯ ಈಚೆ ನಿಂತು ಮೂಗು ಒರೆಸಿಕೊಂಡೆ. ಒರೆಸಿಕೊಂಡದ್ದು ಗಿರಾಕಿಯ ಹೊಸ ಸೀಟ್ ಕವರಿಗೆ.

ಅತ್ತಿಗೆ ಎದ್ದು ಮೊಳೆಯಿಂದ ಮುಖವಾಡ ತೆಗೆದಳು. ಆಡಿದ ಮಾತು ಆಕೆ ಮುರಿದದ್ದು ಅದೊಂದೇ ಸಲ, ಇಂದಿಗೂ ನಾನು ಅದಕ್ಕೆ ಋಣಿ.

ಆ ತರಹದ ಮೂಲೆಯಿದ್ದ ಕೊಕ್ಕೆಯವರನ್ನೆಲ್ಲ ಆಕೆ ಮತ್ತೆ ಕರೆಸಿದಳು. ನನ್ನ ಬೆಸುಗೆ ಬಿಟ್ಟಿದೆ, ನಿಮ್ಮದನ್ನೂ ನೋಡಬೇಕು ಎಂದು ಮುಚ್ಚುಮರೆಯಿಲ್ಲದೆ ಹೇಳಿಯೇ ಕರೆಸಿದಳು. ಒಬ್ಬಿಬ್ಬರು ಗೊಣಗಿದರು. ಉಳಿದವರು ಸಂಸಾರ ಸಮೇತ ಬಂದು ಉಸಿರು ಬಿಗಿಹಿಡಿದು ಕೂತರು. ಆಕೆ ಕೊಕ್ಕೆಗಳನ್ನು ಗಾಡಿಯಿಂದ ಇಳಿಸಿ, ಮೂಲೆಗಳ ಹಳೆಯ ಬೆಸುಗೆಯನ್ನೆಲ್ಲ ಕೆರೆದು ತೆಗೆದು, ಮತ್ತೆ ಗಾಡಿಗೆ ಏರಿಸುವ ಮೊದಲೇ, ಹಲಗೆಯನ್ನು ಮಗುಚಿ ಎರಡೂ ಕಡೆಯಿಂದ ಬೆಸೆದಳು. ಜೇನಿನಕ್ಕನ ಗಾಡಿ ಬಂದಾಗ ಆಕೆಯ ಅತ್ತೆ ಯಾರೂ ಕರೆಯದೆ ತಾನೇ ಹತ್ತಿ ಕೂತಳು. ಗಾಡಿ ನಾನು ಕೂತಾಗ ಇಳಿದಷ್ಟು ಇಳಿಯಲಿಲ್ಲ. ಅಣ್ಣ ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿದ. ಅವನ ಪುಣ್ಯ, ಅವತ್ತು ನನ್ನ ಮನಸ್ಸು ತಂಪಾಗಿತ್ತು.

ಕೊನೆಗೆ ಸರಪಳಿಯ ಸರದಿ. ಅಣ್ಣ ಸ್ಟೂಲಿನ ಮೇಲೆ ಕೂತ. ಅತ್ತಿಗೆ ಗೋಣಿಚೀಲ ಹಾಸಿಕೊಂಡು ಮತ್ತೆ ಗಾಡಿಯಡಿಗೆ ಸರಿದು, ಒಳಗಿನಿಂದ ಬೋಲ್ಟಿನ ತಲೆಯನ್ನು ಹಿಡಿದುಕೊಂಡಳು. ಮೊದಲೆಲ್ಲ ಈ ಹೊತ್ತಿಗೆ ಆಕೆ ಹೊರಗೆ ನಿಂತು ನಿಟ್ಟುಸಿರು ಬಿಡುತ್ತಿದ್ದಳು. ಅಣ್ಣನ ಕೈ ನಡುಗಿತು, ಪಾನಾ ಜಾರಿತು, ಮತ್ತೆ ಹಿಡಿಯಿತು. ಬಿಗಿಯಾಯಿತೆಂದು ನೋಡುತ್ತಿದ್ದ ನನಗೇ ಗೊತ್ತಾಯಿತು. ಅಣ್ಣ ಪಾನಾ ಕೆಳಗಿಟ್ಟ.

"ಇಷ್ಟಕ್ಕೇ ಬಿಟ್ರಾ?" ಎಂದಳು ಅತ್ತಿಗೆ ಅಡಿಯಿಂದ. "ಇನ್ನೊಂದು ಸುತ್ತು ಹಾಕ್ರೀ. ನಾನು ಹಿಡ್ಕೊಂಡಿದೀನಿ."