ಖಾಲಿ ಖಾನೆ ಕಾಯುವ ನಿಷತ

ಹೊರ್ತಿಯ ಹಾಲಿನ ಡೇರಿ. ಇನ್ನೂ ಬೆಳಕು ಹರಿದಿಲ್ಲ. ಇಂಡಿಯಿಂದ ಮೊದಲ ಬಸ್ಸಿಗೆ ಬಂದ ನಿಷತ, ಹಾಲು ಪರೀಕ್ಷಿಸುವ ಮಷೀನಿನ ಮುಂದೆ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದಾಳೆ. ಅವಳ ಬೆನ್ನ ಹಿಂದೆ ಒಂದು ಎಮ್ಮೆ ನಿಂತಿದೆ. ಹೌದು, ಎಮ್ಮೆಯೇ!

"ಇಲ್ಲೇ ಎಲ್ಲಾರ ಮುಂದ ಹಿಂಡತೇನಿ. ನೀರು ಎಲ್ಲಿಂದ ಬರತೈತಿ ನೋಡೇ ಬಿಡೂಣು," ಎನ್ನುತ್ತಾಳೆ ಎಮ್ಮೆಯ ಒಡತಿ ಕಸ್ತೂರೆವ್ವ. ವಾರದಿಂದ ಮಷೀನು ಆಕೆಯ ಗಟ್ಟಿ ಹಾಲಿಗೆ ತೆಳು ಹಾಲಿನ ಚೀಟಿ ಕೊಡುತ್ತಿದೆ. ಸಾಲಿನಲ್ಲಿ ನಿಂತವರು ಸೆರಗು ಅಡ್ಡ ಹಿಡಿದು ನಗುತ್ತಾರೆ. ಜನ್ಮವಿಡೀ ಕಾಯ್ದುಕೊಂಡ ಹೆಸರು ಹೀಗೆ ಹಾಳಾದರೆ ಯಾರಿಗೆ ತಾನೆ ಹೊಟ್ಟೆ ಉರಿಯದು?

ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರೆಗೂ ಇಂಥ ಮಷೀನುಗಳಿಗೆ ಪ್ರೋಗ್ರಾಮ್ ಬರೆದವಳು ನಿಷತ. ಅವು ಕೆಟ್ಟು ನಿಂತಾಗ ಮಾತ್ರ ಜನಕ್ಕೆ ಅವಳ ನೆನಪು.

"ಇದರ ಮೆಮೊರಿ ಭಾಳ ಸಣ್ಣದ್ರಿ. ಅದಕ್ಕ ಒಂದೇ ಅಳತಿ ಖಾನೆ ಮಾಡೇನಿ, ಒಬ್ಬೊಬ್ಬರ ಹಾಲಿನ ಲೆಕ್ಕಕ್ಕೊಂದು. ಚೀಟಿ ಬಂತಂದ್ರ ಖಾನೆ ಖಾಲಿ. ಯಾವ್ಯಾವು ಖಾಲಿ ಅದಾವಂತ ಬ್ಯಾರೆ ಪಟ್ಟಿ ಇಡಾಕ ಜಾಗ ಎಲ್ಲೈತಿ? ಖಾಲಿ ಖಾನ್ಯಾಗನ ಮುಂದಿನ ಖಾಲಿ ಖಾನೆ ನಂಬರ್ ಇಡತೇನಿ. ಮಷೀನಿಗೆ ಮೊದಲನೇದೊಂದು ನೆನಪಿದ್ರ ಸಾಕು."

ಹಾಗಾದರೆ ಎಡವಟ್ಟು ಎಲ್ಲಿ? ನಿಷತಳ ಕಣ್ಣು ಯಲ್ಲಾಲಿಂಗನ ಬೆರಳಿನ ಮೇಲೆ ನಿಲ್ಲುತ್ತದೆ. ವಾರದ ಹಿಂದಷ್ಟೇ ಡೇರಿಯ ಕೆಲಸಕ್ಕೆ ಸೇರಿದ ಈತ ಬೀಗ ಹಾಕಿದರೂ ಎರಡೆರಡು ಸಲ ಜಗ್ಗಿ ನೋಡುವ ಆಸಾಮಿ. ಚೀಟಿಯ ಗುಂಡಿಯನ್ನೂ ಎರಡು ಸಲ ಒತ್ತುತ್ತಾನೆ.

"ಖಾತ್ರಿ ಆಗ್ಲಿ ಅಂತರಿ!"

ಆಯಿತಲ್ಲ ಫಜೀತಿ! ಆಗಲೇ ಖಾಲಿಯಾದ ಖಾನೆ ಇನ್ನೊಮ್ಮೆ ಖಾಲಿಯ ಸಾಲಿಗೆ ಸೇರಿ, ಮುಂದಿನದ್ಯಾವುದು ಎಂದರೆ ತನ್ನ ನಂಬರನ್ನೇ ಹೇಳುತ್ತದೆ. ಕಸ್ತೂರೆವ್ವನಿಗೂ, ದಿನವೂ ಅವಳ ಹಿಂದೆ ನಿಲ್ಲುವ ಪರಶುವಿಗೂ ಒಂದೇ ಖಾನೆ. ಅವಳ ಚೀಟಿ ಬರುವ ಮೊದಲೇ ಅವನ ಆಕಳ ತೆಳು ಹಾಲಿನ ಲೆಕ್ಕ ಅವಳ ಲೆಕ್ಕವನ್ನು ಅಳಿಸಿ ಕೂತಿರುತ್ತದೆ.

ಖಾಲಿ ಇರುವುದನ್ನು ಮತ್ತೆ ಸಾಲಿಗೆ ಸೇರಿಸದಂತೆ ನಿಷತ ಪ್ರೋಗ್ರಾಮ್ ತಿದ್ದುತ್ತಾಳೆ. ಯಲ್ಲಾಲಿಂಗ ಪದ್ಧತಿಯಂತೆ ಎರಡು ಸಲ ಒತ್ತುತ್ತಾನೆ. ಕಸ್ತೂರೆವ್ವನಿಗೂ ಪರಶುವಿಗೂ ಅವರವರ ಹಾಲಿನ ಚೀಟಿಯೇ ಬರುತ್ತದೆ. ಆದರೆ ಕಸ್ತೂರೆವ್ವ ಜಾಗ ಬಿಟ್ಟು ಕದಲಬೇಕಲ್ಲ!

"ನನಗ ತಿಳೀತವಾ. ನಕ್ಕವರಿಗೆ ತಿಳೀಬೇಕು."

ನಾಲ್ಕು ಜನರ ಮುಂದೆ ಮಾತಾಡಿ ಗೊತ್ತಿಲ್ಲದ ನಿಷತ ಬೆವರುತ್ತಲೇ ಎದ್ದು ನಿಲ್ಲುತ್ತಾಳೆ. "ಕಸ್ತೂರೆವ್ವಾರು ನೀರ ಹಾಕಿಲ್ರಿ. ಯಲ್ಲಾಲಿಂಗಣ್ಣಂದೂ ತಪ್ಪಿಲ್ಲ. ನಾ ಬರದದ್ದರಾಗ ತಪ್ಪಿತ್ರಿ."

ನಕ್ಕವರು ಸೆರಗು ಇಳಿಸಿ ದಾರಿ ಬಿಡುತ್ತಾರೆ. ಕಸ್ತೂರೆವ್ವ ಕಣ್ಣೊರೆಸಿಕೊಂಡು ಎಮ್ಮೆಯ ಹಗ್ಗ ಹಿಡಿದು ಹೊರಡುತ್ತಾಳೆ.

ನಿನ್ನ ಆಸೆ ಏನವ್ವಾ ಎಂದು ಯಾರಾದರೂ ಕೇಳಿದರೆ ನಿಷತ ನಗುತ್ತಾಳೆ. "ಈ ಸಾಲಿನ್ಯಾಗ ಯಾರ ಮನ್ಯಾಗ ಲಗ್ನ, ಯಾರ ಮನ್ಯಾಗ ಜಗಳ, ಬರೇ ಅದನ್ನ ಮಾತಾಡಬೇಕ್ರಿ. ಮಷೀನ್ ಸುದ್ದಿ ಯಾರೂ ಎತ್ತಲಿಲ್ಲಂದ್ರ ನನ್ನ ಕೆಲಸ ಚೊಲೋ ಆಗೇತಿ ಅಂತ ತಿಳೀತೇನಿ."